ಸಿಲೋನ್ ಅನ್ನೋ ಹೆಸರು ಬ್ರಿಟಿಷರದ್ದಲ್ಲ

ರಾವಣನ ಕಾಲದಿಂದಲೂ ಆ ದ್ವೀಪಕ್ಕೆ ಶ್ರೀಲಂಕಾ ಅನ್ನೋದೊಂದೇ ಹೆಸರು, ಬ್ರಿಟಿಷರು ಬಂದು ಸಿಲೋನ್ ಅಂತ ಬದಲಿಸಿದರು ಎಂಬ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೆ ಇದು ಸರಿಯಲ್ಲ.

ಲಂಕಾ ಹಳೆಯ ಹೆಸರು ನಿಜ. ಅದರ ಜೊತೆಗೆ ಇನ್ನೂ ಹಲವು ಇದ್ದವು. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನಗಳಲ್ಲಿ ಬರುವುದು ತಂಬಪಣ್ಣಿ. ಗ್ರೀಕರ ಬಾಯಲ್ಲಿ ಅದೇ ತಪ್ರೊಬೇನ್ ಆಯಿತು. ಆ ದ್ವೀಪದ ಹಳೆಯ ಪಾಳಿ ಚರಿತ್ರೆಗ್ರಂಥ ಮಹಾವಂಸದ ಕಥೆ ತುಂಬಾ ಚೆನ್ನಾಗಿದೆ: ಹಡಗಿನಿಂದ ಇಳಿದ, ಅಲ್ಲಿನ ಮೊದಲ ರಾಜ ಎನ್ನುವ ವಿಜಯನ ಜನ ಸುಸ್ತಾಗಿ ನೆಲಕ್ಕೆ ಕೈಯೂರಿದಾಗ ಅಂಗೈ ತಾಮ್ರದ ಬಣ್ಣಕ್ಕೆ ತಿರುಗಿತು, ಅದಕ್ಕೇ ತಂಬಪಣ್ಣಿ (ತಾಮ್ರದ ಕೈ) ಅನ್ನೋ ಹೆಸರು ಬಂತಂತೆ. ವಿಜಯನ ಅಜ್ಜ ಒಂದು ಸಿಂಹ, ಹಾಗಾಗಿ ಸಿಂಹಳ. ಇದು ಐತಿಹ್ಯ, ಇತಿಹಾಸವಲ್ಲ. ಆದರೂ ಜನ ತಮ್ಮ ನೆಲವನ್ನು ಹೇಗೆ ನೆನಪಿಟ್ಟುಕೊಂಡರು ಅಂತ ತಿಳಿಯೋಕೆ ನನಗೆ ಇಂಥ ಕಥೆಗಳು ಬೇಕೇ ಬೇಕು.

ಈ ಸಿಂಹಳದಿಂದಲೇ ಅರಬ್ಬರ ಸೆರೆಂದಿಬ್, ಪೋರ್ಚುಗೀಸರ ಸೆಯ್ಲಾವ್ ಹುಟ್ಟಿದವು. ಬ್ರಿಟಿಷರ ಸಿಲೋನ್ ಅದರ ಮುಂದಿನ ರೂಪ, ಅಷ್ಟೇ. ನಮ್ಮ ಹಿರಿಯರು ರೇಡಿಯೋ ಸಿಲೋನ್ ಕೇಳುತ್ತಿದ್ದರಲ್ವಾ, ಆಗ ಬ್ರಿಟಿಷರು ಹೋಗಿಯಾಗಿತ್ತು, ಹೆಸರು ಮಾತ್ರ ಉಳಿದಿತ್ತು. ದೇಶ ಅಧಿಕೃತವಾಗಿ ಶ್ರೀಲಂಕಾ ಆಗಿದ್ದು 1972ರ ಮೇ 22ರಂದು.

ನೀವೇ ನೋಡಬೇಕಾ? ಆ ದೇಶದ ಹಳೆಯ ಅಂಚೆಚೀಟಿ ಹುಡುಕಿ, 1972ಕ್ಕೆ ಮೊದಲಿನವುಗಳ ಮೇಲೆ ಇಂಗ್ಲಿಷಿನಲ್ಲಿ ಸಿಲೋನ್ ಅಂತಲೇ ಇರುತ್ತದೆ. ತಂಬಪಣ್ಣಿ ಹೆಸರಿರುವ, ಗುಜರಾತಿನ ಗಿರ್ನಾರ್ ಬಂಡೆಯ ಮೇಲಿನ ಅಶೋಕನ 2ನೇ ಶಾಸನದ ಪಾಠ, ಅನುವಾದ ಎರಡೂ ಸುಲಭವಾಗಿ ಸಿಗುತ್ತವೆ. ಇಂಥ ಮೆಸೇಜು ಮತ್ತೆ ಬಂದರೆ, ಶ್ರೀಲಂಕಾ ಅನ್ನೋ ಹೆಸರು ಮೊದಲು ಎಲ್ಲಿ, ಯಾವಾಗ ಬರೆದದ್ದು ಸಿಕ್ಕಿದೆ ಅಂತ ಕಳಿಸಿದವರನ್ನೇ ಮೆಲ್ಲಗೆ ಕೇಳಿ, ಜೊತೆಗೆ ಕೂತು ಹುಡುಕಿ.