ಯಂತ್ರದ ಅಂಕಿಯನ್ನೇ ತೀರ್ಪು ಅಂದುಕೊಳ್ಳಬೇಡಿ

2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ನಡೆದದ್ದು ಕೆಲವರಿಗಾದರೂ ನೆನಪಿರಬಹುದು. ಡ್ಯೂಟಿಗೆ ಬಂದ ಸರ್ಕಾರಿ ಬಸ್ ಚಾಲಕರು ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ನಾವು ಕುಡಿದಿಲ್ಲ ಎಂದು ಪಟ್ಟು ಹಿಡಿದರು. ಕೊನೆಗೆ ನೋಡಿದರೆ ಅವರು ತಿಂದಿದ್ದು ಚೆನ್ನಾಗಿ ಕಳಿತ ಹಲಸಿನ ತೊಳೆ. ಮೊದಲು ಪಾಸಾಗಿದ್ದವರಿಗೂ ಅದೇ ಹಣ್ಣು ತಿನ್ನಿಸಿ ಊದಿಸಿದಾಗ ಯಂತ್ರ ಮದ್ಯ ತೋರಿಸಿತು.

ಸುದ್ದಿ ಓದಿ ತುಂಬಾ ಜನ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿ ಜೊತೆಗೆ ಜನ ಇದ್ದರು, ಹಣ್ಣೂ ಉಳಿದಿತ್ತು, ಸತ್ಯ ಹೊರಬಂತು. ನಡುರಾತ್ರಿ ಬ್ಯಾರಿಕೇಡ್ ಮುಂದೆ ಒಬ್ಬನೇ ನಿಂತ ಆಟೋ ಚಾಲಕನಿಗೆ ಇಂಥ ಅವಕಾಶ ಎಲ್ಲಿದೆ?

ಕುಡಿದು ಗಾಡಿ ಓಡಿಸುವವರ ಪರ ನಾನಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಮೊದಲ ತಪ್ಪಿನ ದಂಡ 2,000ದಿಂದ 10,000 ರೂಪಾಯಿಗೆ ಏರಿದ್ದು ಸರಿಯೇ. ಆರು ತಿಂಗಳವರೆಗೆ ಜೈಲೂ ಆಗಬಹುದು, ಅದೂ ಸರಿ. ಆದರೆ ಶಿಕ್ಷೆ ಇಷ್ಟು ದೊಡ್ಡದಾದ ಮೇಲೆ ಅಳತೆಯೂ ಅಷ್ಟೇ ಗಟ್ಟಿಯಾಗಿರಬೇಕು ಅಲ್ವಾ?

ಆಲ್ಕೋಮೀಟರ್, ಅಂದರೆ ಊದಿಸುವ ಈ ಯಂತ್ರ, ನಮ್ಮ ರಕ್ತವನ್ನು ನೋಡುವುದೇ ಇಲ್ಲ. ಉಸಿರಿನಲ್ಲಿರುವ ಮದ್ಯ ಅಳೆದು, ರಕ್ತದಲ್ಲಿ ಅದರ ಸುಮಾರು 2,100 ಪಟ್ಟು ಇದೆ ಎಂದು ಲೆಕ್ಕ ಹಾಕುತ್ತದೆ. ಈ ಪಟ್ಟು ಎಲ್ಲರಲ್ಲೂ ಒಂದೇ ಇರುವುದಿಲ್ಲ. ಅದಕ್ಕೇ ಕೆಲವರಿಗೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ, ಕೆಲವರಿಗೆ ಕಡಿಮೆ ತೋರಿಸಿ ಬಿಟ್ಟುಬಿಡುತ್ತದೆ. ಜ್ವರ ಬಂದು ಉಸಿರು ಒಂದು ಡಿಗ್ರಿ ಬಿಸಿಯಾದರೆ ಅಂಕಿ ಶೇ. 6ರಿಂದ 7ರಷ್ಟು ಮೇಲೇರುತ್ತದೆ. ನಮ್ಮ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ನಿಜವಾಗಿ 29 ಇದ್ದವನು ಆ ಜ್ವರದಲ್ಲಿ ಊದಿದರೆ 31 ಬರಬಹುದು. ಇನ್ನು ಬಾಯಲ್ಲೇ ಉಳಿದ ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿ. ಇವುಗಳಲ್ಲಿರುವ ಮದ್ಯ ರಕ್ತಕ್ಕೆ ಸೇರುವ ಮೊದಲೇ ಯಂತ್ರಕ್ಕೆ ಸಿಗುತ್ತದೆ. ಹದಿನೈದು ನಿಮಿಷ ಕಾದರೆ ಬಾಯಲ್ಲಿನ ಮದ್ಯ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಅಷ್ಟು ಹೊತ್ತು ಕಾಯಿಸಿ ಮತ್ತೆ ಊದಿಸುವುದು ನಮ್ಮ ರಸ್ತೆಯಲ್ಲಿ ರೂಢಿಯಾಗಬೇಕು.

ವಿಮಾನದ ಪೈಲಟ್‌ಗಳಿಗೆ ಈ ಅವಕಾಶ ಇದೆ. ಅವರಿಗೆ ಮಿತಿ ಪೂರಾ ಸೊನ್ನೆ, ಮೌತ್‌ವಾಶ್ ಕೂಡ ಬಳಸುವಂತಿಲ್ಲ. ಅಷ್ಟು ಕಟ್ಟುನಿಟ್ಟಿದ್ದರೂ ಮೊದಲ ಸಲ ಸಿಕ್ಕಿಬಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಎರಡನೇ ಪರೀಕ್ಷೆ ಮಾಡುತ್ತಾರೆ. ನಡುವೆ ಬಾಯಿ ಮುಕ್ಕಳಿಸಬಹುದು. ಲಾರಿ ಓಡಿಸುವವನಿಗೆ ಇದೇ ನ್ಯಾಯ ಯಾಕೆ ಬೇಡ?

ಯಂತ್ರವನ್ನು ಸರಿಯಾಗಿ ಇಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ನ್ಯೂಜೆರ್ಸಿ ನೋಡಿ. ಅಲ್ಲಿ ಯಂತ್ರಗಳನ್ನು ಹೊಂದಿಸುವಾಗ ಪ್ರಮಾಣಿತ ಥರ್ಮಾಮೀಟರ್‌ನಿಂದ, ಅಳತೆ ಗೊತ್ತಿರುವ ಮದ್ಯದ ದ್ರಾವಣದ ಬಿಸಿ ನೋಡಲೇಬೇಕು. ಒಬ್ಬ ಪೊಲೀಸ್ ಸಾರ್ಜೆಂಟ್ ಆ ಹಂತವನ್ನೇ ಬಿಟ್ಟಿದ್ದ ಎಂಬುದು ಬೆಳಕಿಗೆ ಬಂತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಯಂತ್ರಗಳ ಫಲಿತಾಂಶ ನಂಬಲಾಗದು ಎಂದಿತು. 20,667 ಪರೀಕ್ಷೆಗಳ ಮೇಲೆ ನೆರಳು ಬಿತ್ತು. ಅವರಲ್ಲಿ ನಿಜವಾಗಿ ಕುಡಿದವರೂ ಇದ್ದಿರಲೇಬೇಕು. ಅವರ ಮೇಲಿನ ಕೇಸೂ ದುರ್ಬಲವಾಯಿತು. ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಕೇರಳ ಹೈಕೋರ್ಟ್ 2025ರಲ್ಲಿ ಒಳ್ಳೆಯ ಮಾತು ಹೇಳಿದೆ. ಊದಿಸುವ ಮುಂಚೆ ಯಂತ್ರವನ್ನು ಖಾಲಿ ಗಾಳಿಯಲ್ಲಿ ಪರೀಕ್ಷಿಸಬೇಕು, ಅದು 0.000 ತೋರಿಸಬೇಕು ಎಂದು. ಈ ಫಲಿತಾಂಶದ ಚೀಟಿಯನ್ನು ಚಾಲಕನ ಕೈಗೂ ಕೊಡಬೇಕು ಎನ್ನುವುದು ನನ್ನ ಮಾತು. ಯಂತ್ರವನ್ನು ಕೊನೆಗೆ ಯಾವಾಗ ಸರಿಹೊಂದಿಸಿದರು ಎಂಬ ದಿನಾಂಕವೂ ಅದರಲ್ಲೇ ಇರಲಿ.

ರಕ್ತ ಪರೀಕ್ಷೆಯ ಮಾತು ಬಂದಾಗ ಕಾನೂನೇ ಅರ್ಧಕ್ಕೆ ನಿಂತಿದೆ. ಮೋಟಾರು ವಾಹನ ಕಾಯ್ದೆಯ 204ನೇ ಸೆಕ್ಷನ್ ಪ್ರಕಾರ, ಬಂಧಿತನ ರಕ್ತದ ಮಾದರಿಯನ್ನು ಪೊಲೀಸರು ಕೇಳಬಹುದು. ಆದರೆ ನನ್ನ ರಕ್ತ ತೆಗೆದು ನೋಡಿ ಎಂದು ಚಾಲಕನೇ ಕೇಳಿದರೆ ಮಾಡಿಸಲೇಬೇಕು ಎಂದು ಅಲ್ಲಿ ಬರೆದಿಲ್ಲ. ರಾತ್ರಿ ಹೊತ್ತು ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ಯಲು ಆಗುತ್ತಾ ಎಂದು ಪೊಲೀಸರು ಕೇಳಬಹುದು. ಎಲ್ಲರನ್ನೂ ಬೇಡ. 200 ಬಂದವನ ವಿಷಯದಲ್ಲಿ ಅನುಮಾನಕ್ಕೆ ಜಾಗ ಕಡಿಮೆ. 30ರ ಆಸುಪಾಸಿನಲ್ಲಿ ಇದ್ದು, ಕುಡಿದಿಲ್ಲ ಎನ್ನುವವನು ಕೇಳಿದರೆ ಆ ರಾತ್ರಿಯೇ ರಕ್ತ ಪರೀಕ್ಷೆ ಮಾಡಿಸಬೇಕು. ಇದನ್ನು 204ನೇ ಸೆಕ್ಷನ್‌ನಲ್ಲಿ ಹಕ್ಕು ಎಂದೇ ಬರೆಯಲಿ.