ದೊಡ್ಡಪ್ಪನ ಹೊಟ್ಟೆಗೆ ಪಿನ್ನು

ಕಳೆದ ತಿಂಗಳು ನೆಂಟರ ಮದುವೆಗೆ ಹೋಗಿದ್ದೆ. ಮದುಮಗನ ಕೊರಳಿಗೆ ಗೆಳೆಯರು ಹತ್ತು ರೂಪಾಯಿ ನೋಟಿನ ಹಾರ ಹಾಕಿದರು. ಹಾರ ಮೊಣಕಾಲು ಮುಟ್ಟುತ್ತಿತ್ತು. ಒಂದೊಂದು ನೋಟನ್ನೂ ಬೀಸಣಿಗೆಯ ಹಾಗೆ ಮಡಚಿ, ನಡುವಿಗೆ ಸ್ಟೇಪ್ಲರ್ ಪಿನ್ನು ಹೊಡೆದಿದ್ದರು. ಊಟ ಮುಗಿದ ಮೇಲೆ ಮನೆಯ ಹೆಂಗಸರೆಲ್ಲ ಸುತ್ತ ಕೂತು, ಅವರೆಕಾಯಿ ಸುಲಿಯುವ ಹಾಗೆ ಪಿನ್ನು ಕಿತ್ತರು. ಅದರಲ್ಲೊಂದು ನೋಟು ಚಿಲ್ಲರೆ ಜೊತೆ ನನ್ನ ಜೇಬಿಗೆ ಬಂತು. ಮರುದಿನ ಬಸ್ಸಿನಲ್ಲಿ ಕೊಟ್ಟೆ. ಕಂಡಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ತೂತಾಗಿದೆ, ನಡೆಯಲ್ಲ ಸಾರ್. ಬೇರೆ ಕೊಡಿ" ಅಂದರು.

ದುಡ್ಡೇ ದೊಡ್ಡಪ್ಪ ಅನ್ನುತ್ತೇವೆ. ಆ ದೊಡ್ಡಪ್ಪನ ಹೊಟ್ಟೆಗೆ ಪಿನ್ನು ಹೊಡೆಯುವವರೂ ನಾವೇ, ತೂತು ಬಿದ್ದ ದೊಡ್ಡಪ್ಪ ಬೇಡ ಅನ್ನುವವರೂ ನಾವೇ.

ಕಾನೂನು ಏನನ್ನುತ್ತದೆ? ನಾಣ್ಯದ ವಿಷಯದಲ್ಲಿ ಅದು ಬಲು ಖಡಕ್ಕು. 2011ರ ನಾಣ್ಯ ಕಾಯ್ದೆಯಲ್ಲಿ, ನಾಣ್ಯ ಕರಗಿಸಿದವರಿಗೆ 7 ವರ್ಷದವರೆಗೆ ಜೈಲು. ನೋಟಿನ ಹತ್ತಿರ ಬಂದರೆ ಮಾತ್ರ ರಿಸರ್ವ್ ಬ್ಯಾಂಕು ಕೈ ಮುಗಿಯುತ್ತದೆ. 1999ರಲ್ಲಿ 'ಕ್ಲೀನ್ ನೋಟ್ ಪಾಲಿಸಿ' ಬಂದಾಗಿನಿಂದ ಅದೇ ವಿನಂತಿ. ದಯವಿಟ್ಟು ಬರೆಯಬೇಡಿ, ಹಾರ ಮಾಡಬೇಡಿ, ಪೆಂಡಾಲು ಸಿಂಗರಿಸಬೇಡಿ, ಯಾರ ತಲೆ ಮೇಲೂ ಎರಚಬೇಡಿ. ಪಿನ್ನು ಹೊಡೆಯಬೇಡಿ ಅಂತ 2001ರಲ್ಲಿ ಅದು ಗದರಿದ್ದು ಬ್ಯಾಂಕುಗಳನ್ನು. ಕಂತೆ ಕಂತೆಗೆ ಪಿನ್ನು ಜಡಿಯುತ್ತಿದ್ದದ್ದು ಅವೇ ತಾನೇ!

ವಿನಂತಿಗೆಲ್ಲ ಬಗ್ಗುವ ಜನವೇ ನಾವು? 2010ರಲ್ಲಿ ಲಖನೌನಲ್ಲಿ, ಆಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಮಾಯಾವತಿಯವರಿಗೆ ಸಾವಿರದ ನೋಟುಗಳ ಹಾರ ಬಿತ್ತು. ಹಾರವೋ ಹೆಬ್ಬಾವೋ ತಿಳಿಯದಷ್ಟು ದಪ್ಪ. ಮುಂದೆ 2016ರಲ್ಲಿ ಸಾವಿರದ ನೋಟೇ ಹೋಯಿತು, ಹಾರದ ಚಟ ಹೋಗಲಿಲ್ಲ.

ತಮಾಷೆಗೆಂದು ಅಸಲಿಯನ್ನೇ ಹೋಲುವ ಆಟದ ನೋಟು ಅಚ್ಚು ಹಾಕಿದರೂ ತಪ್ಪು. ದಂಡ ಮೊದಲು 100 ರೂಪಾಯಿವರೆಗೆ ಇತ್ತು. ಹಳೇ ದಂಡ ಸಂಹಿತೆಯ ಬದಲು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ಭಾರೀ ಯೋಚನೆ ಮಾಡಿ 300ಕ್ಕೆ ಏರಿಸಿದೆ. ಅಸಲಿ ನೋಟಿನಲ್ಲೇ ಕಟ್ಟಬೇಕು, ಅಲ್ವಾ?

ಬರಹದ ಕತೆ ಇನ್ನೂ ಚೆನ್ನ. ಗೀಚಿದ ನೋಟು ಸತ್ತಂತೆ ಎಂಬ ವಾಟ್ಸಾಪ್ ಸುದ್ದಿ ಸುಳ್ಳು. ಗೀಚಿದರೂ ನಡೆಯುತ್ತದೆ. ಆದರೆ ರಾಜಕೀಯದ ಘೋಷಣೆ ಬರೆದರೆ ಕೆಲಸ ಕೆಟ್ಟಿತು. 2009ರ ನೋಟು ರೀಫಂಡ್ ನಿಯಮದ ಪ್ರಕಾರ ಬ್ಯಾಂಕು ಅದಕ್ಕೆ ದುಡ್ಡು ಕೊಡುವುದಿಲ್ಲ. "ಪಾರೂ, ನೀನಿಲ್ಲದೆ ನಾನಿಲ್ಲ" ಅಂತ ಬರೆದ ಹತ್ತು ರೂಪಾಯಿಗೆ ಹತ್ತು ರೂಪಾಯಿ ಬೆಲೆ ಇದೆ. "ನಮ್ಮ ಅಣ್ಣನಿಗೇ ವೋಟು" ಅಂತ ಬರೆದರೆ ಅದು ಬರೀ ಕಾಗದ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ತಟ್ಟುವವರಿಗೆ ಈ ನಿಯಮ ಚೆನ್ನಾಗಿ ಗೊತ್ತು. ಗರಿಗರಿ ನೋಟು, ಒಂದು ಗೆರೆ ಇಲ್ಲ, ಪಿನ್ನಿಲ್ಲ, ಬಿಳಿ ಕವರು. ರಿಸರ್ವ್ ಬ್ಯಾಂಕಿನ ವಿನಂತಿಯನ್ನು ಚಾಚೂ ತಪ್ಪದೆ ಪಾಲಿಸುವವರು ಅವರೊಬ್ಬರೇ.

ನನ್ನ ತೂತಿನ ನೋಟನ್ನು ಅಂಗಡಿಯಲ್ಲೂ ತೆಗೆದುಕೊಳ್ಳಲಿಲ್ಲ. ಹೋದ ವಾರ ಇನ್ನೊಂದು ಮದುವೆ ಇತ್ತು. ಹಾರ ಕಟ್ಟುತ್ತಿದ್ದ ಹುಡುಗರಿಗೆ ಕೊಟ್ಟೆ. "ಪರವಾಗಿಲ್ಲ ಅಂಕಲ್, ತೂತು ಮೊದಲೇ ಇದೆ" ಅಂತ ಖುಷಿಯಾಗಿ ತೆಗೆದುಕೊಂಡರು.