ರ‍್ಯಾಂಪಿನ ಪಕ್ಕದಲ್ಲಿ ನಿಂತಿರಬೇಕು

ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹನ್ನೆರಡು ಮಕ್ಕಳಿಗೆ ಹಗಲು ಆರೈಕೆ ಕೇಂದ್ರವೊಂದನ್ನು ತೆರೆಯಬೇಕೆಂದು, ತಾವೂ ಗಾಲಿಕುರ್ಚಿಯಲ್ಲಿಯೇ ಓಡಾಡುವ ನನ್ನ ಗೆಳೆಯರೊಬ್ಬರು ನಿರ್ಧರಿಸಿದರು. ಅಂದಿನಿಂದ ಅವರಿಗೆ ಹೆಸರಿಲ್ಲ. ಕಡತದಲ್ಲಿ ಅವರು ಬರೀ 'ಅರ್ಜಿದಾರರು'.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 50ನೇ ಪ್ರಕರಣದಂತೆ, ನೋಂದಣಿ ಪ್ರಮಾಣಪತ್ರವಿಲ್ಲದೆ ಯಾರೂ ಇಂತಹ ಸಂಸ್ಥೆಯನ್ನು ಸ್ಥಾಪಿಸುವಂತಿಲ್ಲ, ನಡೆಸುವಂತಿಲ್ಲ. ಮುಂದಿನ 51ನೇ ಪ್ರಕರಣಕ್ಕೆ ಬಂದರೆ, ನಿಯಮಗಳು ಹೇಳುವ ಸೌಲಭ್ಯ ಮತ್ತು ಗುಣಮಟ್ಟಗಳನ್ನು ಒದಗಿಸುವ ಸ್ಥಿತಿಯಲ್ಲಿ ಸಂಸ್ಥೆಯು ಇಲ್ಲದಿದ್ದರೆ ಪ್ರಮಾಣಪತ್ರವನ್ನು ಕೊಡುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. (ವಿಕಲಚೇತನರ ವಿಚಾರದಲ್ಲಿ ಈ ಗಾದೆಯನ್ನು ಬಳಸಬಾರದೆಂದು ಬಲ್ಲೆ, ಇಲ್ಲಿ ಅದನ್ನು ಹೇಳುತ್ತಿರುವುದು ಕಾಯಿದೆಯನ್ನು ಕುರಿತು.) ಹೀಗಾಗಿ ಗೆಳೆಯರು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಸ್ನಾನಗೃಹದ ಗೋಡೆಗೆ ಹಿಡಿಕೆಗಳನ್ನು ಹಾಕಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ವಿಶೇಷ ಶಿಕ್ಷಕಿಯೊಬ್ಬರನ್ನು ಸಂಬಳಕ್ಕೆ ನೇಮಿಸಿಕೊಂಡು, ಮಕ್ಕಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳದೆ ಕಾಯುತ್ತ ಕುಳಿತರು.

ಅರ್ಜಿ ತಲುಪಿದ 90 ದಿನಗಳೊಳಗೆ ಪ್ರಮಾಣಪತ್ರವನ್ನು ಕೊಡಬೇಕು, ಇಲ್ಲವೇ ಅರ್ಜಿಯನ್ನು ತಿರಸ್ಕರಿಸಬೇಕು ಎಂದು ಅದೇ 51ನೇ ಪ್ರಕರಣ ವಿಧಿಸುತ್ತದೆ. ಆದರೆ ತಲುಪಿದ್ದು ಅರ್ಜಿಯೇ ಹೌದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಕಚೇರಿಯ ಹಕ್ಕು. ಎಂಬತ್ತೇಳನೆಯ ದಿನ ಬಂದ ಆಕ್ಷೇಪಣಾ ಪತ್ರದಲ್ಲಿ, ಲಗತ್ತಿಸಿದ ದಾಖಲೆಗಳು ಅಪೂರ್ಣವಾಗಿರುವುದರಿಂದ ಅರ್ಜಿಯನ್ನು ಸ್ವೀಕೃತವೆಂದು ಪರಿಗಣಿಸಲಾಗಿಲ್ಲ ಎಂದಿತ್ತು. ಬೇಕಾಗಿದ್ದುದು ಒಂದೇ ಛಾಯಾಚಿತ್ರ: "ಕಟ್ಟಡದ ರ‍್ಯಾಂಪಿನ ಬಣ್ಣದ ಭಾವಚಿತ್ರ; ಅರ್ಜಿದಾರರು ಅದರ ಪಕ್ಕದಲ್ಲಿ ನಿಂತಿರಬೇಕು."

ನಿಲ್ಲಲಾಗದವರು ಏನು ಮಾಡಬೇಕೆಂದು ಕೇಳಲು ಇಬ್ಬರೂ ಕಚೇರಿಗೆ ಹೋದೆವು. ಅಲ್ಲಿಯೂ ರ‍್ಯಾಂಪ್ ಇದೆ, ಇಲ್ಲವೆಂದರೆ ಸುಳ್ಳಾದೀತು. ಅದು ಹಿತವಾದ ಇಳಿಜಾರಿನಲ್ಲಿ ನಮ್ಮನ್ನು ಬಾಗಿಲು ದಾಟಿಸಿ, ಇಪ್ಪತ್ತೆರಡು ಮೆಟ್ಟಿಲುಗಳ ಬುಡಕ್ಕೆ ತಂದು ನಿಲ್ಲಿಸಿತು. ವಿಷಯ ನಿರ್ವಾಹಕರು ಮೇಲಿನ ಮಹಡಿಯ ಕಟಕಟೆಯಿಂದ ಬಗ್ಗಿ, "ನಮೂನೆಯಲ್ಲಿ 'ನಿಂತಿರಬೇಕು' ಎಂದೇ ಇದೆ, ಸ್ವಾಮಿ, ನಾವು ತಿದ್ದುವ ಹಾಗಿಲ್ಲ" ಎಂದು ಕೂಗಿ ಹೇಳಿದರು. ಗೆಳೆಯರು ಕತ್ತೆತ್ತಿ ಕೈಮುಗಿದರು. ಕೊನೆಗೆ ಅವರ ತಮ್ಮನನ್ನು ನಿಲ್ಲಿಸಿ ಚಿತ್ರ ತೆಗೆಸಿದೆವು. ಆತ ಅರ್ಜಿದಾರನಲ್ಲ ಎಂಬುದನ್ನು ಇಂದಿಗೂ ಯಾರೂ ಗಮನಿಸಿಲ್ಲ.

ಆಮೇಲೆ ತಪಾಸಣೆ ಬಂತು. ತಪಾಸಣೆಯೇ ಬೇಡವೆನ್ನುವವನು ನಾನಲ್ಲ. ತನಗಾದ ನೋವನ್ನು ಹೇಳಿಕೊಳ್ಳಲಾರದ ಮಗುವಿರುವ ಕಡೆಗೆ ಹೊರಗಿನವರೊಬ್ಬರ ಕಣ್ಣು ಬೀಳಲೇಬೇಕು. ಬಂದವರು ಮೊಣಕಾಲೂರಿ ಟೇಪು ಹಿಡಿದು, ಒಂದು ಅಡಿ ಏರಿಕೆಗೆ ಹನ್ನೆರಡು ಅಡಿ ಉದ್ದವಿದೆಯೇ ಎಂದು ಶ್ರದ್ಧೆಯಿಂದ ಅಳೆದರು. ಎರಡು ಅಂಗುಲ ಕಡಿಮೆ ಬಿತ್ತು. ಗಾರೆಯವನನ್ನು ಮತ್ತೆ ಕರೆಸಲಾಯಿತು.

ಸರ್ಕಾರವೇ ನಡೆಸುವ ಇಂತಹ ಸಂಸ್ಥೆಗಳಲ್ಲಿಯೂ ಹೀಗೆಯೇ ಟೇಪು ಹಿಡಿಯುತ್ತೀರಾ ಎಂದು ನಾನು ಕೇಳಿದೆ. ಅವರು ನನ್ನ ಅಜ್ಞಾನಕ್ಕೆ ಮರುಗಿ 54ನೇ ಪ್ರಕರಣವನ್ನು ತೋರಿಸಿದರು: ಕೇಂದ್ರ ಅಥವಾ ರಾಜ್ಯ ಸರ್ಕಾರ ಸ್ಥಾಪಿಸಿದ ಇಲ್ಲವೇ ನಡೆಸುವ ಸಂಸ್ಥೆಗಳಿಗೆ ಈ ಅಧ್ಯಾಯದ ಯಾವುದೂ ಅನ್ವಯಿಸುವುದಿಲ್ಲ. ಸರ್ಕಾರಿ ಗೋಡೆಗೆ ಒರಗಿದ ಮಗು ಹುಟ್ಟಾ ಸುರಕ್ಷಿತವೆಂದು ಸಂಸತ್ತು ನಂಬಿದ್ದಿರಬೇಕು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳೊಳಗೆ ಎಲ್ಲರಿಗೂ ಸುಗಮವಾಗಿಸಬೇಕೆಂದು 45ನೇ ಪ್ರಕರಣ ಹೇಳುತ್ತದೆ. 2017ರ ಜೂನ್‌ನಲ್ಲಿ ನಿಯಮಗಳು ಹೊರಟವು, 2022ರ ಜೂನ್‌ಗೆ ಗಡುವು ಮುಗಿಯಿತು. ಆ ಇಪ್ಪತ್ತೆರಡು ಮೆಟ್ಟಿಲುಗಳಿಗೆ ಯಾರೂ ಆಕ್ಷೇಪಣಾ ಪತ್ರವನ್ನು ಕಳುಹಿಸಿದಂತಿಲ್ಲ.

ಕಳೆದ ವಾರ ಗೆಳೆಯರಿಗೆ ಕಚೇರಿಯಿಂದ ದೂರವಾಣಿ ಕರೆ ಬಂತು. ಪ್ರಮಾಣಪತ್ರ ಸಿದ್ಧವಾಗಿದೆಯಂತೆ, ಅದನ್ನು ಸಂಸ್ಥೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕಂತೆ. ಬೇರೆಯವರ ಕೈಗೆ ಕೊಡುವಂತಿಲ್ಲವಾದ್ದರಿಂದ, ಅರ್ಜಿದಾರರೇ ಖುದ್ದಾಗಿ ಮೇಲಿನ ಮಹಡಿಗೆ ಬಂದು ವಹಿಯಲ್ಲಿ ಸಹಿ ಮಾಡಿ ಒಯ್ಯಬೇಕಂತೆ.